ಹಳೆ ಬಟ್ಟೆ ಎಂದರೇನು?

ಭೂಗೋಳದ ಮೇಷ್ಟ್ರಿಗೆ ಕೆಟ್ಟ ಚಟ ಅಂತ ಯಾವುದೂ ಇರಲಿಲ್ಲ. ಬೀಡಿ ಸೇದುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ, ಇನ್ನೊಬ್ಬರ ಮನೆಯ ವಿಷಯ ಮಾತಾಡುತ್ತಿರಲಿಲ್ಲ. ಇದ್ದದ್ದು ಒಂದೇ ಚಟ: ವ್ಯಾಖ್ಯೆ. ಮೂರು ಕಡೆ ನೀರು, ಒಂದು ಕಡೆ ನೆಲ ಇದ್ದರೆ ಪರ್ಯಾಯ ದ್ವೀಪ ಎಂದು ಇಪ್ಪತ್ತೆರಡು ವರ್ಷ ಹೇಳಿ ಹೇಳಿ, ಜಗತ್ತಿನಲ್ಲಿ ವ್ಯಾಖ್ಯೆಯಿಲ್ಲದ ವಸ್ತುವೇ ಇರಕೂಡದು ಎಂಬ ಹಟ ಅವರಿಗೆ ಹತ್ತಿಬಿಟ್ಟಿತ್ತು. ಹೆಂಡತಿ "ಚಹಾ ಸ್ವಲ್ಪ ಬಿಸಿ ಇದೆ, ನೋಡ್ಕೊಂಡು ಕುಡೀರಿ" ಎಂದರೆ, "ಸ್ವಲ್ಪ ಅಂದ್ರೆ ಎಷ್ಟು?" ಎಂದು ಕೇಳಿ, ಉತ್ತರ ಬರುವಷ್ಟರಲ್ಲಿ ನಾಲಗೆ ಸುಟ್ಟುಕೊಂಡು ಕೂತಿರುತ್ತಿದ್ದರು.

ಇಂಥವರ ಕಿವಿಗೆ ಸರ್ಕಾರದ ಸುತ್ತೋಲೆ ಬೀಳಬಾರದಿತ್ತು. ಬಿತ್ತು.

ಏಳನೆಯ ತರಗತಿಯ ಮಕ್ಕಳಿಗೆ ಯಾವುದಾದರೂ ಸರಳ ಉತ್ಪನ್ನವನ್ನು ತಯಾರಿಸಿ ಮಾರಾಟ ಮಾಡುವುದನ್ನು ಕಲಿಸತಕ್ಕದ್ದು ಎಂದು ಅದರಲ್ಲಿತ್ತು. ಹೆಡ್ ಮೇಡಂ ಸ್ಟಾಫ್ ರೂಮಿನಲ್ಲಿ ಅದನ್ನು ಗಟ್ಟಿಯಾಗಿ ಓದಿ ತಲೆಯೆತ್ತಿದಾಗ ಎಲ್ಲ ಮೇಷ್ಟ್ರುಗಳೂ ಚಾವಣಿಯ ಫ್ಯಾನನ್ನು ಮೊದಲ ಸಲ ಕಂಡವರಂತೆ ನೋಡುತ್ತಿದ್ದರು. ಹೊಲಿಗೆ ಟೀಚರ್ ಹೆರಿಗೆ ರಜೆಯಲ್ಲಿದ್ದರು. ವಿಜ್ಞಾನದ ಮೇಷ್ಟ್ರು ಹಿಂದಿನ ವರ್ಷ ಮಕ್ಕಳ ಕೈಲಿ ಫಿನಾಯಿಲ್ ಮಾಡಿಸಿದ್ದರು. ಅದರಿಂದ ತೊಳೆದ ನೆಲದ ಮೇಲೆ ಇವತ್ತಿಗೂ ನೊಣ ಕೂರುವುದಿಲ್ಲ, ನೆಲವೂ ಇಲ್ಲ. ಹಾಗಾಗಿ ಯಾರೂ ಬಾಯಿ ಬಿಡಲಿಲ್ಲ. ಬಿಟ್ಟವರು ಭೂಗೋಳದ ಮೇಷ್ಟ್ರು ಒಬ್ಬರೇ.

"ಸರಳ ಅಂದ್ರೆ ಯಾರಿಗೆ ಸರಳ ಮೇಡಂ? ಮಾಡೋರಿಗೋ, ಕೊಳ್ಳೋರಿಗೋ? ವ್ಯಾಖ್ಯೆಯೇ ಕೊಟ್ಟಿಲ್ವಲ್ಲ! ಇದೆಂಥ ಸುತ್ತೋಲೆ?"

"ಇಷ್ಟೆಲ್ಲ ತಿಳ್ಕೊಂಡಿದ್ದೀರಲ್ಲ ಸಾರ್," ಎಂದರು ಹೆಡ್ ಮೇಡಂ, ಸುತ್ತೋಲೆಯನ್ನು ಅವರ ಮುಂದೆ ತಳ್ಳುತ್ತಾ, "ನೀವೇ ಕಲಿಸಿಬಿಡಿ."

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಇದಕ್ಕೇ. ತಪ್ಪು ತೋರಿಸಿದವನ ತಲೆಗೇ ಕೆಲಸ ಕಟ್ಟುವ ಈ ಪದ್ಧತಿಯಿಂದಲೇ ಲೋಕದಲ್ಲಿ ಇಷ್ಟೊಂದು ತಪ್ಪುಗಳು ಉಳಿದುಕೊಂಡಿವೆ ಎಂದು ಮೇಷ್ಟ್ರು ದಾರಿಯುದ್ದಕ್ಕೂ ಕುದಿಯುತ್ತಾ ಮನೆಗೆ ಬಂದರು. ಮನೆಯಲ್ಲಿ ಅತ್ತೆಯವರು, ಅಂದರೆ ಹೆಂಡತಿಯ ತಾಯಿ, ವಿಷಯ ಕೇಳಿ ಮಗಳ ಕಡೆ ತಿರುಗಿ ಅಳಿಯನಿಗೆ ಕೇಳುವಷ್ಟು ಮೆಲ್ಲಗೆ ಹೇಳಿದರು: "ಅಂಗಿಗೆ ಗುಂಡಿ ಸರಿಯಾಗಿ ಹಾಕ್ಕೊಳ್ಳೋಕೆ ಬರಲ್ಲ. ಇವರು ಕೈಕೆಲಸ ಕಲಿಸ್ತಾರಂತೆ!"

ಮೇಷ್ಟ್ರು ತಲೆ ಬಗ್ಗಿಸಿ ನೋಡಿಕೊಂಡರು. ಅವತ್ತು ಒಂದು ಗುಂಡಿ ನಿಜಕ್ಕೂ ಹೆಚ್ಚಾಗಿತ್ತು, ಅಥವಾ ಒಂದು ತೂತು ಕಡಿಮೆಯಾಗಿತ್ತು.

ಆದರೂ ಮಕ್ಕಳಿಗೆ ಕಲಿಸಲು ಆರಿಸಿಕೊಂಡ ಕಾಲೊರಸು ಮಾಡುವುದನ್ನು ಅವರಿಗೆ ಕಲಿಸಿದ್ದು ಅತ್ತೆಯವರೇ. ಹಳೆ ಬಟ್ಟೆಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಹರಿ, ಮೂರು ಪಟ್ಟಿ ಸೇರಿಸಿ ಜಡೆ ಹೆಣೆ, ಜಡೆಯನ್ನು ಚಕ್ಕುಲಿ ಸುತ್ತಿದ ಹಾಗೆ ಸುತ್ತುತ್ತಾ ದಪ್ಪ ದಾರದಲ್ಲಿ ಹೊಲಿ, ಅಷ್ಟೇ. ಮೊದಲ ದಿನ ಮೇಷ್ಟ್ರು ತುಂಬ ಗಮನವಿಟ್ಟು ಒಂದು ಮೊಳ ಹೆಣೆದರು. ಎದ್ದು ನಿಂತಾಗ ಕುರ್ಚಿಯೂ ಜೊತೆಗೇ ಬಂತು. ಮೂರು ಎಳೆಯಲ್ಲಿ ಒಂದು ಎಳೆ ಕುರ್ಚಿಯ ಕಾಲಿನ ಹಿಂದಿನಿಂದ ಬಂದಿತ್ತು. "ಅಳಿಯಂದಿರೇ, ಕುರ್ಚಿ ನಮ್ಮನೇದೇ. ಕಟ್ಟಿ ಹಾಕೋ ಅಗತ್ಯ ಇಲ್ಲ" ಎಂದರು ಅತ್ತೆ. ನಾಲ್ಕನೆಯ ದಿನಕ್ಕೆ ತಟ್ಟೆಯಷ್ಟಗಲದ ಒಂದು ಕಾಲೊರಸು ಸಿದ್ಧವಾಯಿತು. ಮೇಷ್ಟ್ರು ಅದನ್ನು ಕಂಕುಳಲ್ಲಿಟ್ಟುಕೊಂಡು ದಿಗ್ವಿಜಯ ಮಾಡಿ ಬಂದವರಂತೆ ಶಾಲೆಗೆ ಹೋದರು.

ತರಗತಿಯಲ್ಲಿ ಮೊದಲು ಮಾಡಿದ ಕೆಲಸವೇ ವ್ಯಾಖ್ಯೆ ಬರೆಸಿದ್ದು.

"ಬರ್ಕೊಳ್ಳಿ. ಹಳೆ ಬಟ್ಟೆ ಎಂದರೇನು? ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಯಾರೂ ಉಡದ, ತೊಡದ, ಹೊದೆಯದ ಬಟ್ಟೆಗೆ ಹಳೆ ಬಟ್ಟೆ ಎನ್ನುತ್ತಾರೆ. ಅಡಿಗೆರೆ ಎಳೀರಿ. ನಾಳೆ ಮನೆಯಿಂದ ಅಂಥ ಬಟ್ಟೆ ತನ್ನಿ."

ಮುಂದಿನ ಬೆಂಚಿನಲ್ಲಿ ಒಂದು ಕೈ ಮೇಲೆದ್ದಿತು. ಅದು ಕ್ಲಾಸ್ ಲೀಡರ್ ಹುಡುಗಿಯದು. ಪೋಸ್ಟಾಫೀಸಿನ ಗುಮಾಸ್ತರ ಮಗಳು. ಪ್ರತಿಯೊಂದಕ್ಕೂ ಪಾಯಿಂಟು ಹಾಕುತ್ತಾಳೆಂದು ಇಡೀ ಶಾಲೆ ಅವಳನ್ನು ವಕೀಲಮ್ಮ ಎಂದೇ ಕರೆಯುತ್ತಿತ್ತು.

"ಸಾರ್, ಬಟ್ಟೆ ಚೆನ್ನಾಗೇ ಇದೆ, ಆದ್ರೆ ಒಂದು ವರ್ಷದಿಂದ ಹಾಕಿಲ್ಲ. ಆಗ?"

"ವ್ಯಾಖ್ಯೆಯಲ್ಲಿ 'ಚೆನ್ನಾಗಿ' ಅನ್ನೋ ಪದ ಇದೆಯೇನಮ್ಮ?"

"ಇಲ್ಲ ಸಾರ್."

"ಮತ್ತೆ? ಕೂತ್ಕೋ."

ಹುಡುಗಿ ಕೂತಳು. ಆ ಕ್ಷಣದಲ್ಲಿ ಊರಿನ ಎಷ್ಟೋ ಟ್ರಂಕುಗಳ ಹಣೆಬರಹ ತೀರ್ಮಾನವಾಗಿಹೋಯಿತು ಎಂಬುದು ಮೇಷ್ಟ್ರಿಗೆ ತಿಳಿಯಲಿಲ್ಲ.

ಮಕ್ಕಳು ಕದಿಯಲಿಲ್ಲ, ಸುಳ್ಳು ಹೇಳಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಪ್ರತಿಯೊಬ್ಬರೂ ಮನೆಗೆ ಹೋಗಿ ಹಿರಿಯರನ್ನು ಕೇಳಿಯೇ ಕೇಳಿದರು. ಪೇಪರಿನ ಹಿಂದಿನಿಂದ, ಒಲೆಯ ಮುಂದಿನಿಂದ, ಅರ್ಧ ನಿದ್ದೆಯಿಂದ ಬಂದ ಉತ್ತರವೂ ಒಂದೇ: "ಹಾಕದೇ ಇರೋದಾ? ಅಟ್ಟದ ಮೇಲಿನ ಟ್ರಂಕಲ್ಲಿ ಇರುತ್ತೆ ನೋಡು, ತಗೊಂಡು ಹೋಗು. ತಲೆ ತಿನ್ನಬೇಡ." ದೊಡ್ಡವರು ಮಕ್ಕಳ ಮಾತನ್ನು ಅರ್ಧ ಕಿವಿಯಲ್ಲಿ ಕೇಳಿ ಪೂರ್ತಿ ಅಪ್ಪಣೆ ಕೊಟ್ಟರೆ ಅದಕ್ಕೆ ಮಕ್ಕಳೇನು ಮಾಡಬೇಕು?

ಮರುದಿನ ಬಂದ ಚೀಲಗಳನ್ನು ಮೇಷ್ಟ್ರು ಒಂದೊಂದಾಗಿ ಬಿಚ್ಚಿ ನೋಡಿದರು. ಮಖಮಲ್ಲು! ಜರಿ ಅಂಚು! ಹಿತ್ತಾಳೆ ಗುಂಡಿಯ ಕೆಂಪು ಬಟ್ಟೆ! "ಎಂಥ ಜನ, ಎಂಥ ಔದಾರ್ಯ!" ಎಂದು ಸ್ಟಾಫ್ ರೂಮಿನಲ್ಲಿ ಎರಡು ಸಲ ಹೇಳಿದರು. ಆಮೇಲೆ ಆರು ವಾರ, ದಿನದ ಕೊನೆಯ ಪಿರಿಯಡ್ಡು, ಕತ್ತರಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮಕ್ಕಳ ಬೆರಳುಗಳಿಗೆ ಸೂಜಿ ಚುಚ್ಚಿತು, ಬೊಬ್ಬೆ ಬಂತು, ಬೊಬ್ಬೆ ಒಡೆದು ಗಟ್ಟಿಯಾಯಿತು. ಮೊದಮೊದಲು ದೋಣಿಯಂತೆ ಮಗುಚಿಕೊಳ್ಳುತ್ತಿದ್ದ ಕಾಲೊರಸುಗಳು ಬರಬರುತ್ತಾ ನೆಲಕ್ಕೆ ಅಂಟಿದಂತೆ ಸಪಾಟಾಗಿ ಕೂತವು. ಬಣ್ಣಕ್ಕೆ ಬಣ್ಣ ಹೊಂದಿಸುವುದನ್ನು ಯಾರೂ ಹೇಳಿಕೊಡಲಿಲ್ಲ, ಮಕ್ಕಳೇ ಕಂಡುಕೊಂಡರು. ಒಟ್ಟು ನಲವತ್ತೊಂದು ಕಾಲೊರಸು.

ಮಾರಾಟದ ದಿನ ಶಾಲೆಯ ಉದ್ದ ಪಡಸಾಲೆಯಲ್ಲಿ ಡೆಸ್ಕುಗಳನ್ನು ಸಾಲಾಗಿ ಜೋಡಿಸಿ ಕಾಲೊರಸುಗಳನ್ನು ಹರಡಿದ್ದರು. ಶಿಕ್ಷಣಾಧಿಕಾರಿಗಳು ಹನ್ನೊಂದು ಗಂಟೆಗೆ ಬರುವವರಿದ್ದರು. ಒಂಬತ್ತೂವರೆಗೆ ಮೊದಲ ಗಿರಾಕಿ ಬಂದರು: ರಿಟೈರಾದ ಬ್ಯಾಂಡ್ ಮಾಸ್ಟರ್. ಅವರ ಮೊಮ್ಮಗ ಇದೇ ತರಗತಿಯಲ್ಲಿದ್ದ. ನಗುನಗುತ್ತಾ ಒಂದು ಕಾಲೊರಸನ್ನು ಎತ್ತಿ ಹಿಡಿದವರ ಮುಖದಿಂದ ನಗು ಮೇಣದ ಹಾಗೆ ಕರಗಿ ಇಳಿಯಿತು.

"ಈ ಕೆಂಪು ನಂಗೊತ್ತು," ಎಂದರು. ಇನ್ನೂ ಹತ್ತಿರ ಹಿಡಿದರು. "ಈ ಜರಿ ಪಟ್ಟಿ ನನ್ನ ತೋಳಿನ ಮೇಲಿತ್ತು! ಇಪ್ಪತ್ತೇಳು ವರ್ಷ ಈ ಕೋಟು ಹಾಕ್ಕೊಂಡು ಬ್ಯಾಂಡಿನ ಮುಂದೆ ನಡೆದಿದ್ದೀನಿ ಕಣ್ರೀ! ಇದರ ಮೇಲೆ ಕಾಲು ಒರಸಬೇಕಾ ಜನ? ಕಾಲು!"

"ತಾತಾ, ಕೋಟು ಹಾಕ್ಕೊಂಡು ಎಷ್ಟು ದಿನ ಆಯ್ತು?" ಎಂದು ಡೆಸ್ಕಿನ ಹಿಂದಿನಿಂದ ವಕೀಲಮ್ಮ ಕೇಳಿದಳು.

"ರಿಟೈರ್ ಆದಾಗಿಂದ ಹಾಕಿಲ್ಲ. ಹನ್ನೊಂದು ವರ್ಷ."

"ಹಾಗಿದ್ರೆ ಅದು ಹನ್ನೊಂದು ಸಲ ಹಳೆ ಬಟ್ಟೆ ಆಗಿದೆ ತಾತಾ."

ಬ್ಯಾಂಡ್ ಮಾಸ್ಟರ್ ಉಸಿರೆಳೆದುಕೊಂಡರು. ಕ್ಲಾರಿಯೊನೆಟ್ ಊದಿ ಪಳಗಿದ ಎದೆ. ಆ ಉಸಿರು ಹೊರಗೆ ಬಂದಿದ್ದರೆ ಏನಾಗುತ್ತಿತ್ತೋ. ಅಷ್ಟರಲ್ಲಿ ಕಾಲೊರಸಿನ ಇನ್ನೊಂದು ತುದಿಯನ್ನು ಯಾರೋ ಹಿಡಿದೆಳೆದರು. ನೋಡಿದರೆ ಅವರ ಪಕ್ಕದ ಮನೆಯ ಕಾಂಪೌಂಡರ್ ಹೆಂಡತಿ. ಮಧ್ಯಾಹ್ನದ ನಿದ್ದೆ ಮತ್ತು ಮಧ್ಯಾಹ್ನದ ಕ್ಲಾರಿಯೊನೆಟ್ಟಿನ ವಿಷಯಕ್ಕೆ ಜಗಳವಾಗಿ ಈ ಎರಡು ಮನೆಯವರು ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು.

"ಇದು ನನ್ನ ಹಸಿರು ಮಖಮಲ್ಲು! ನನ್ನ ಮದುವೆಯ ದಿನದ್ದು!" ಎಂದು ಆಕೆ ಕಿರುಚಿದರು. "ಅಯ್ಯಯ್ಯೋ, ಇವರ ಕೋಟು ನನ್ನ ಮಖಮಲ್ಲಿಗೆ ಸುತ್ಕೊಂಡಿದೆಯಲ್ರೀ!"

"ನನ್ನ ಕೋಟು ಯಾರಿಗೂ ಸುತ್ಕೊಳ್ಳೋ ಪೈಕಿ ಅಲ್ಲಮ್ಮ! ನಿಮ್ಮ ಮಖಮಲ್ಲೇ ಬಂದು ಬಿದ್ದಿರೋದು!"

ಒಂಬತ್ತು ವರ್ಷ ಪರಸ್ಪರ ಮುಖ ನೋಡದವರನ್ನು ಏಳನೆಯ ತರಗತಿಯ ಮಕ್ಕಳು ಹೆಣೆದು, ಸುತ್ತಿ, ಬಿಚ್ಚಲಾರದ ಹಾಗೆ ಹೊಲಿದುಬಿಟ್ಟಿದ್ದರು.

ಗಲಾಟೆ ಕೇಳಿ ಬೀದಿಯ ಜನ ಒಳಗೆ ನುಗ್ಗಿದರು. ನುಗ್ಗಿದವರೆಲ್ಲ ಡೆಸ್ಕುಗಳ ಮೇಲೆ ತಮ್ಮ ತಮ್ಮ ಯೌವನವನ್ನು ಗುರುತಿಸತೊಡಗಿದರು. "ನನ್ನ ಲೇಸಿನ ಪರದೆ!" "ನಮ್ಮಪ್ಪನ ಸೂಟು!" ಪೋಸ್ಟಾಫೀಸಿನ ಗುಮಾಸ್ತರು ಒಂದು ನೀಲಿ ಕಾಲೊರಸನ್ನು ಎದೆಗವಚಿಕೊಂಡು ಮಗಳ ಮುಂದೆ ನಿಂತರು. ಅವರ ಹೊಟ್ಟೆ ಅವರಿಗಿಂತ ಒಂದು ಹೆಜ್ಜೆ ಮುಂದೆ ನಿಂತಿತ್ತು.

"ನನ್ನ ನೀಲಿ ಪ್ಯಾಂಟನ್ನೂ ಬಿಡ್ಲಿಲ್ವೇನೇ ನೀನು? ತೆಳ್ಳಗಾದ ಮೇಲೆ ಹಾಕ್ಕೊಳ್ಳೋಣ ಅಂತ ಹದಿನೆಂಟು ವರ್ಷದಿಂದ ಜೋಪಾನ ಮಾಡಿದ್ದೆ!"

"ಯಾರು ತೆಳ್ಳಗಾದ ಮೇಲೆ?" ಎಂದು ಅವರ ಹೆಂಡತಿ ಹಿಂದಿನಿಂದ ಕೇಳಿದರು.

ಕೊನೆಗೆ ಎಲ್ಲರೂ ಭೂಗೋಳದ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಹೆದರಲಿಲ್ಲ. ಹೆದರಬೇಕೆಂಬುದು ಅವರಿಗೆ ಹೊಳೆಯಲಿಲ್ಲ ಎನ್ನುವುದು ಸರಿ. ಬೆಂಚಿನ ಮೇಲೆ ಹತ್ತಿ ನಿಂತರು.

"ವ್ಯಾಖ್ಯೆ ಸ್ಪಷ್ಟವಾಗಿದೆ!" ಎಂದು ಗುಡುಗಿದರು. "ನಿಮ್ಮನ್ನ ಕೇಳಿಯೇ ಮಕ್ಕಳು ತಂದಿದ್ದು. ವರ್ಷಗಟ್ಟಲೆ ಟ್ರಂಕಿನಲ್ಲಿ ನುಸಿಗುಳಿಗೆ ಜೊತೆ ಮಲಗಿಸಿ ಈಗ ನನ್ನ ಬಟ್ಟೆ, ನನ್ನ ಬಟ್ಟೆ ಅಂದ್ರೆ? ತೊಡದೇ ಇರೋದು ಬಟ್ಟೆಯಲ್ಲ, ಬರೀ ಗಂಟು! ಅದಕ್ಕೆ ಅಳೋದು ಅವಿವೇಕ! ನನ್ನನ್ನ ನೋಡಿ, ನಾನು ಯಾವ ಬಟ್ಟೆಗಾದ್ರೂ..."

ಮಾತು ಅಲ್ಲಿಗೇ ನಿಂತಿತು. ಪಡಸಾಲೆಯ ಆ ಕೊನೆಯಲ್ಲಿ ಅತ್ತೆಯವರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಅವರ ತೊಡೆಯ ಮೇಲೆ ಕಾಫಿ ಬಣ್ಣದ, ಉಣ್ಣೆಯ, ದುಂಡನೆಯ ಕಾಲೊರಸೊಂದಿತ್ತು.

"ಅತ್ತೇ... ಆ ಬಣ್ಣ..."

"ಗುರುತು ಸಿಕ್ತಾ? ಪರವಾಗಿಲ್ಲ," ಎಂದರು ಅತ್ತೆ. "ನಿಮ್ಮ ಮದುವೆಗೆ ನಾನೇ ಬಟ್ಟೆ ಆರಿಸಿ ಹೊಲಿಸಿದ ಕೋಟು. ಆಮೇಲೆ ಹದಿನಾಲ್ಕು ವರ್ಷದಲ್ಲಿ ಒಂದು ಸಲಾನೂ ಹಾಕ್ಕೊಂಡಿದ್ದು ನಾ ನೋಡ್ಲಿಲ್ಲ. ಮಕ್ಕಳು ನಮ್ಮನೆಗೂ ಬಂದು ವ್ಯಾಖ್ಯೆ ಓದಿದ್ರು. ನಂಗೆ ತುಂಬ ಸರಿ ಅನ್ನಿಸ್ತು. ಎತ್ತಿ ಕೊಟ್ಟೆ."

"ಅದು ಬೇರೆ ವಿಷಯ!" ಮೇಷ್ಟ್ರು ಬೆಂಚಿನಿಂದ ಇಳಿದರೋ ಬಿದ್ದರೋ ಹೇಳುವುದು ಕಷ್ಟ. "ಅದನ್ನ ನಾನು ವಿಶೇಷ ಸಂದರ್ಭಕ್ಕೆ ಅಂತ ಇಟ್ಟಿದ್ದೆ! ಒಳ್ಳೆ ಉಣ್ಣೆ! ಹೊಸದರ ಹಾಗೇ ಇತ್ತು!"

"ಸಾರ್," ಎಂದಳು ವಕೀಲಮ್ಮ, "ವ್ಯಾಖ್ಯೆಯಲ್ಲಿ 'ವಿಶೇಷ ಸಂದರ್ಭ' ಅನ್ನೋ ಪದ ಇದೆಯಾ?"

ಜನ ಹೋ ಎಂದು ಕೂಗಿದರು. ಅದರಲ್ಲಿ ನಗು ಎಷ್ಟು, ಸಿಟ್ಟು ಎಷ್ಟು ಎಂದು ಬೇರ್ಪಡಿಸಲು ಬರುತ್ತಿರಲಿಲ್ಲ. ಗುಮಾಸ್ತರು ಅಲ್ಲಿಯೇ ಒಂದು ಹಾಳೆ ತೆಗೆದುಕೊಂಡು, ಪೋಸ್ಟಾಫೀಸಿನ ದುಂಡು ಅಕ್ಷರದಲ್ಲಿ ದೊಡ್ಡದಾಗಿ ಬರೆದರು: 'ಕಾಲೊರಸಿನ ವಿಷಯವಾಗಿ ಈ ಕೆಳಗೆ ಸಹಿ ಮಾಡಿರುವ ನಾವು...' ಅದರ ಕೆಳಗೆ, ಮೇಷ್ಟ್ರನ್ನು ಏನು ಮಾಡಬೇಕೆಂದು ಸಣ್ಣ ಅಕ್ಷರದಲ್ಲಿ ಎಂಟು ಸಾಲು. ನೋಡನೋಡುತ್ತಿದ್ದಂತೆ ಮೂವತ್ತೆಂಟು ಸಹಿ ಬಿದ್ದವು.

ಹೆಡ್ ಮೇಡಂ ಗಡಿಯಾರ ನೋಡಿದರು. ಹತ್ತೂಮುಕ್ಕಾಲು.

"ಮಕ್ಕಳೇ, ಎಲ್ಲ ಕಾಲೊರಸನ್ನೂ ಈಗಲೇ ಬಿಚ್ಚಿ. ಅವರವರ ಪಟ್ಟಿ ಅವರವರಿಗೆ ಕೊಟ್ಟುಬಿಡಿ. ಬೇಗ!"

ಮಕ್ಕಳು ಅಲ್ಲಾಡಲಿಲ್ಲ. ವಕೀಲಮ್ಮನ ತುಟಿ ಅದುರಿತು. ಪಾಯಿಂಟು ಹಾಕುವ ಹುಡುಗಿ ಅಳುವುದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಅವಳು ಎರಡೂ ಕೈಗಳನ್ನು, ಗಟ್ಟಿಯಾದ ಹತ್ತು ಬೆರಳುಗಳನ್ನು ಮುಂದೆ ಚಾಚಿದಳು.

"ಆರು ವಾರ ಹೊಲಿದಿದ್ದೀವಿ ಮೇಡಂ. ಬೆಳಗ್ಗೆಯಿಂದ ಎಲ್ಲರೂ ನಮ್ಮ ಕೋಟು, ನಮ್ಮ ಪ್ಯಾಂಟು ಅಂತಾನೇ ಕೂಗ್ತಿದ್ದಾರೆ. ಹೊಲಿಗೆ ಹೇಗಿದೆ ಅಂತ ಒಬ್ಬರಾದ್ರೂ ನೋಡಿದ್ರಾ? ಒಬ್ಬರು? ನಮ್ಮಪ್ಪ ಕೂಡ ನೋಡ್ಲಿಲ್ಲ."

ಗುಮಾಸ್ತರು ಕಾಲೊರಸಿನ ಹಿಂದೆ ಮುಖ ಮುಚ್ಚಿಕೊಂಡರು.

ಅಲ್ಲಿಯವರೆಗೆ ಭೂಗೋಳದ ಮೇಷ್ಟ್ರು ತಮ್ಮ ಕೋಟಿಗಾಗಿ ಉರಿಯುತ್ತಿದ್ದರು. ಈಗಲೂ ಉರಿಯುತ್ತಲೇ ಇದ್ದರು, ಆದರೆ ಉರಿ ಬೇರೆ ಕಡೆ ತಿರುಗಿತು. ನೇರವಾಗಿ ಅತ್ತೆಯವರ ಬಳಿ ಹೋಗಿ ಕಾಫಿ ಬಣ್ಣದ ಕಾಲೊರಸನ್ನು ಎತ್ತಿಕೊಂಡರು. ಬೆಲೆಯ ದುಡ್ಡನ್ನು ವಕೀಲಮ್ಮನ ಕೈಗಿಟ್ಟರು. ಕಾಲೊರಸನ್ನು ತರಗತಿಯ ಬಾಗಿಲಲ್ಲಿ ಹಾಸಿ, ನೂರು ಜನ ನೋಡುತ್ತಿದ್ದಂತೆ ಮೊದಲು ಎಡಗಾಲು, ಆಮೇಲೆ ಬಲಗಾಲು, ಆಮೇಲೆ ಇನ್ನೊಮ್ಮೆ ಎಡಗಾಲನ್ನು ಉಜ್ಜಿ ಉಜ್ಜಿ ಒರಸಿದರು. ಅತ್ತೆಯವರ ಹುಬ್ಬು ಕೂದಲಿನವರೆಗೆ ಹೋಯಿತು.

"ಕೋಟು ಹೋಯ್ತು. ಹಾಳಾಗಿ ಹೋಗಲಿ!" ಎಂದು ಮೇಷ್ಟ್ರು ಅಬ್ಬರಿಸಿದರು. "ಆದ್ರೆ ಕಾಲೊರಸು ಚೆನ್ನಾಗಿದೆ! ಕೇಳಿಸ್ತಾ? ಚೆನ್ನಾಗಿದೆ! ನನ್ನ ಮಕ್ಕಳು ಮಾಡಿದ್ದರಲ್ಲಿ ಒಂದು ಹೊಲಿಗೆ ಬಿಚ್ಚಿದ್ರೂ ನನ್ನ ರಾಜೀನಾಮೆ ಈಗಲೇ ತಗೊಳ್ಳಿ ಮೇಡಂ! ತಪ್ಪು ನಂದು. ಬೈಯೋದಿದ್ರೆ ನನ್ನ ಬೈರಿ, ಕೊಳ್ಳೋದಿದ್ರೆ ಇವರ ಹತ್ರ ಕೊಳ್ಳಿ!"

ಬ್ಯಾಂಡ್ ಮಾಸ್ಟರ್ ತಮ್ಮ ಕೈಲಿದ್ದ ಕಾಲೊರಸಿನ ಅಂಚನ್ನು ಹಿಡಿದು ಬಲವಾಗಿ ಜಗ್ಗಿದರು. ಬರಲಿಲ್ಲ. ಹಲ್ಲು ಕಚ್ಚಿ ಜಗ್ಗಿದರು. ಊಹೂಂ.

"ಹೊಲಿಗೆ ಗಟ್ಟಿ ಇದೆ," ಎಂದರು, ಬೈಗುಳ ಬೈದಂಥ ದನಿಯಲ್ಲಿ. "ಎಷ್ಟಮ್ಮ ಇದಕ್ಕೆ?"

"ನಾನು ಕೊಳ್ಳೋದು ಅದನ್ನ!" ಎಂದು ಕಾಂಪೌಂಡರ್ ಹೆಂಡತಿ ಮತ್ತೆ ಇನ್ನೊಂದು ತುದಿ ಹಿಡಿದರು.

ಅಷ್ಟೇ ಸಾಕಾಯಿತು. ತಮ್ಮ ಬಟ್ಟೆ ಇನ್ನೊಬ್ಬರ ಬಾಗಿಲಿಗೆ ಹೋಗಿಬಿಟ್ಟರೆ ಎಂಬ ಭಯ ಎಲ್ಲರಿಗೂ ಒಟ್ಟಿಗೇ ಹೊಕ್ಕಿತು. ಡೆಸ್ಕುಗಳ ಮೇಲೆ ಮುಗಿಬಿದ್ದರು. ಸರಿಯಾಗಿ ಆ ಹೊತ್ತಿಗೆ ಶಿಕ್ಷಣಾಧಿಕಾರಿಗಳ ಜೀಪು ಬಂತು. ಇಂಥ ಮಾರಾಟಗಳಲ್ಲಿ ಹೆಡ್ ಮೇಡಂ ಒಬ್ಬರೇ ಎರಡು ವಸ್ತು ಕೊಂಡು ಚಪ್ಪಾಳೆ ತಟ್ಟುವುದನ್ನಷ್ಟೇ ಕಂಡಿದ್ದ ಆ ಮನುಷ್ಯರು ಬಾಗಿಲಲ್ಲೇ ಬೆರಗಾಗಿ ನಿಂತರು. ನಿಂತದ್ದು, ನೂಕುನುಗ್ಗಲಿನಲ್ಲಿ ಕೆಳಗೆ ಬಿದ್ದಿದ್ದ ಕೆಂಪು ಹಸಿರು ಕಾಲೊರಸಿನ ಮೇಲೆ.

"ಕಾಲು ತೆಗೀರಿ!" ಬ್ಯಾಂಡ್ ಮಾಸ್ಟರೂ ಕಾಂಪೌಂಡರ್ ಹೆಂಡತಿಯೂ ಒಂದೇ ದನಿಯಲ್ಲಿ ಕಿರುಚಿದರು.

ಅಧಿಕಾರಿಗಳು ಒಂದಡಿ ಮೇಲೆ ಹಾರಿದರು. "ಅಬ್ಬಾ! ಮಕ್ಕಳ ಕೈಕೆಲಸ ಅಂದ್ರೆ ಎಷ್ಟು ಗೌರವ ಈ ಜನಕ್ಕೆ!" ಎಂದರು. ಕನ್ನಡಕ ಜೀಪಿನಲ್ಲಿತ್ತು, ಮೇಜಿನ ಮೇಲಿದ್ದ ಹಾಳೆಯ ದೊಡ್ಡ ಅಕ್ಷರ ಮಾತ್ರ ಕಂಡಿತು. "ಏನಿದು? 'ಕಾಲೊರಸಿನ ವಿಷಯವಾಗಿ ಸಹಿ ಮಾಡಿರುವ ನಾವು'... ಓಹೋ! ಮುಂಗಡ ಬೇಡಿಕೆ!"

"ಸಾರ್, ಅದು ಅರ್ಜಿ..." ಎಂದು ಗುಮಾಸ್ತರು ತೊದಲಿದರು.

"ಗೊತ್ತು, ಗೊತ್ತು! ಅರ್ಜಿ ಹಾಕಿ ಕಾಯೋವಷ್ಟು ಬೇಡಿಕೆ! ಅಲ್ವಾ ಮೇಡಂ?"

ಹೆಡ್ ಮೇಡಂ ಒಮ್ಮೆ ಮೇಷ್ಟ್ರನ್ನು ನೋಡಿದರು, ಒಮ್ಮೆ ಮಕ್ಕಳನ್ನು ನೋಡಿದರು. ಇಪ್ಪತ್ತು ವರ್ಷದ ಸೇವೆಯಲ್ಲಿ ಮೇಲಧಿಕಾರಿಗೆ ಸುಳ್ಳು ಹೇಳದ ಹೆಂಗಸು. "ಹೌದು ಸಾರ್," ಎಂದರು.

ಅಧಿಕಾರಿಗಳು ಹಸಿರು ಶಾಯಿಯಲ್ಲಿ ಅಡ್ಡಡ್ಡಲಾಗಿ ಬರೆದರು: 'ಸಹಿ ಮಾಡಿದ ಎಲ್ಲರಿಗೂ ತಲಾ ಒಂದು ಕಾಲೊರಸನ್ನು ಒಂದು ತಿಂಗಳೊಳಗೆ ಇದೇ ಶಿಕ್ಷಕರ ಮೇಲ್ವಿಚಾರಣೆಯಲ್ಲಿ ತಯಾರಿಸಿ ಒದಗಿಸತಕ್ಕದ್ದು.' ಕೆಳಗೆ ಮೊಹರು ಒತ್ತಿದರು. ಜನ ತಮ್ಮ ಸಿಟ್ಟಿಗೆ ತಾವೇ ಸಹಿ ಹಾಕಿ ಮೊಹರು ಒತ್ತಿಸಿಕೊಂಡಂತಾಯಿತು.

ಸಂಜೆಯ ಹೊತ್ತಿಗೆ ಒಂದು ಕಾಲೊರಸೂ ಉಳಿದಿರಲಿಲ್ಲ. ಕೆಂಪು ಹಸಿರು ಕಾಲೊರಸನ್ನು ಎರಡು ಮನೆಯವರೂ ಪಾಲು ಹಾಕಿ ಕೊಂಡರು. ತಿಂಗಳಿಗೊಬ್ಬರ ಮನೆಯಲ್ಲಿರಬೇಕೆಂಬ ಕರಾರು ಮಾಡಿಕೊಳ್ಳಲು ಮುಕ್ಕಾಲು ಗಂಟೆ ಕಿತ್ತಾಡಿದರು. ಒಂಬತ್ತು ವರ್ಷದ ಮಾತು ಬಾಕಿಯಿದ್ದಾಗ ಮುಕ್ಕಾಲು ಗಂಟೆ ಹೆಚ್ಚೇನಲ್ಲ.

ಇನ್ನು ಬೇಕಾದದ್ದು ಮೂವತ್ತೆಂಟು ಕಾಲೊರಸಿಗೆ ಬಟ್ಟೆ. ಸೋಮವಾರ ಬೆಳಗ್ಗೆ ಮಕ್ಕಳು ಚೀಲ ಹಿಡಿದು ಮನೆಮನೆಗೆ ಬರುತ್ತಾರೆಂಬ ಸುದ್ದಿ ಊರೆಲ್ಲ ಹಬ್ಬಿತು. ವ್ಯಾಖ್ಯೆಯಂತೂ ಅಷ್ಟರಲ್ಲಿ ಪ್ರತಿಯೊಬ್ಬರಿಗೂ ಬಾಯಿಪಾಠವಾಗಿತ್ತು.

ಸೋಮವಾರ ಬೆಳಗ್ಗೆ ಮೇಷ್ಟ್ರು ಮಕ್ಕಳೊಂದಿಗೆ ಬೀದಿಯ ತಿರುವಿಗೆ ಬಂದವರು ಅಲ್ಲೇ ನಿಂತುಬಿಟ್ಟರು. ಎದುರಿಗೆ ಕಾಂಪೌಂಡರು ಮದುವೆಯ ಸೂಟು ತೊಟ್ಟು, ಕತ್ತಿಗೆ ಬೋ ಟೈ ಕಟ್ಟಿ, ಹಾಲಿನ ಪಾತ್ರೆ ಹಿಡಿದು ನಡೆದು ಬರುತ್ತಿದ್ದರು. ಅವರ ಹೆಂಡತಿ ಬೆಳ್ಳಿ ಕಸೂತಿಯ ರೇಷ್ಮೆ ಉಟ್ಟು ಅಂಗಳ ಗುಡಿಸುತ್ತಿದ್ದರು. ಬೇಕರಿಯವನು ತುಪ್ಪಳದ ಕೋಟಿನಲ್ಲಿ ಒಲೆಯ ಮುಂದೆ ಬೆವರುತ್ತಿದ್ದ. ಕೋಟು ಕಳೆದುಕೊಂಡ ಬ್ಯಾಂಡ್ ಮಾಸ್ಟರ್, ಉಳಿದಿದ್ದ ಗರಿಯ ಟೋಪಿಯನ್ನಾದರೂ ಇಟ್ಟುಕೊಂಡು ಗೇಟಿನಲ್ಲಿ ಕಾವಲು ನಿಂತಿದ್ದರು. ಶಾಲೆಯ ಕಡೆ ಹೊರಟ ಹೆಡ್ ಮೇಡಂ ಕೂಡ ಪದವಿ ಪ್ರದಾನದ ದಿನದ ಕಪ್ಪು ನಿಲುವಂಗಿಯಲ್ಲಿದ್ದರು. ಅವರು ಮಾತ್ರ ಮೇಷ್ಟ್ರ ಕಣ್ಣು ತಪ್ಪಿಸಿ ಸರಸರನೆ ದಾಟಿಹೋದರು. ಇಡೀ ಬೀದಿ ನುಸಿಗುಳಿಗೆ ವಾಸನೆಯಿಂದ ಗಮಗಮಿಸುತ್ತಿತ್ತು. ಇಷ್ಟು ಚೆಂದ ಅಲಂಕಾರ ಮಾಡಿಕೊಂಡು ಇಷ್ಟು ಸಿಡುಕು ಮುಖ ಹೊತ್ತ ಜನರನ್ನು ಯಾವ ಊರೂ ಕಂಡಿರಲಾರದು.

"ಇದು ಮೋಸ! ಅಪ್ಪಟ ಮೋಸ!" ಎಂದು ಮೇಷ್ಟ್ರು ಕೈ ಕೈ ಹಿಸುಕಿಕೊಂಡರು. "ವರ್ಷಕ್ಕೊಂದು ಸಲ ತೊಟ್ಟು ಬಿಚ್ಚಿಬಿಟ್ರೆ ಮುಗೀತಾ?"

"ಮುಗೀತು ಸಾರ್," ಎಂದಳು ವಕೀಲಮ್ಮ ಬೇಸರದಿಂದ. "ವ್ಯಾಖ್ಯೆ ಪ್ರಕಾರ ಮುಗೀತು."

ಅಷ್ಟರಲ್ಲಿ ಪೋಸ್ಟಾಫೀಸಿನ ಗುಮಾಸ್ತರು ಮನೆಯಿಂದ ಹೊರಬಂದರು. ನೀಲಿ ಪ್ಯಾಂಟಿನ ಜೊತೆಯಲ್ಲೇ ಹೊಲಿಸಿದ್ದ ಬೂದು ಪ್ಯಾಂಟನ್ನು ತೊಟ್ಟಿದ್ದರು. ಹೇಗೆ ತೊಟ್ಟರು, ಎಷ್ಟು ಜನ ಸಹಾಯ ಮಾಡಿದರು ಎಂಬುದು ಅವರ ಮನೆಯವರಿಗೇ ಗೊತ್ತು. ಉಸಿರು ಬಿಗಿಹಿಡಿದು, ಮಂಡಿ ಮಡಿಸದೆ, ಗೊಂಬೆಯ ಹಾಗೆ ಹೆಜ್ಜೆಯಿಡುತ್ತಾ ಮಗಳ ಮುಂದೆಯೇ ವಿಜಯದ ನಗೆ ನಗುತ್ತಾ ಹಾದುಹೋದರು. ಹತ್ತು ಹೆಜ್ಜೆ ಸರಿಯಾಗೇ ಹೋಯಿತು. ಹನ್ನೊಂದನೆಯದಕ್ಕೆ ನುಸಿಗುಳಿಗೆಯ ಘಾಟು ಮೂಗಿಗೆ ಹತ್ತಿತು. ತಡೆದರು, ತಡೆದರು, ಕೊನೆಗೆ ಬೀದಿಯೇ ಬೆಚ್ಚುವಂತೆ ಸೀನಿದರು.

ಸೀನಿನ ಹಿಂದೆಯೇ ಚರ್‌ರ್‌ರ್ ಎಂದು ಇನ್ನೊಂದು ಸದ್ದು ಬಂತು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರೂ ನಿಂತು ತಿರುಗಿ ನೋಡಿದರು. ಗುಮಾಸ್ತರು ಮೆಲ್ಲಗೆ ಹಿಂದಕ್ಕೆ ಸರಿದು ಗೋಡೆಗೆ ಬೆನ್ನು ಒತ್ತಿಕೊಂಡರು.

ವಕೀಲಮ್ಮ ನೇರವಾಗಿ ನಡೆದು ಹೋಗಿ, ಅಪ್ಪನ ಮುಂದೆ ಚೀಲದ ಬಾಯಿ ಅಗಲ ಮಾಡಿ ಹಿಡಿದಳು.

"ಮನೆವರೆಗಾದ್ರೂ ಬಿಡೇ ತಾಯಿ," ಎಂದರು ಗುಮಾಸ್ತರು.